ಎಚ್-ಇಂಡೆಕ್ಸ್ ಕೇಳಿದ ಮೇಷ್ಟ್ರಿಗೆ

ಚಿಂತಾಮಣಿಯ ನಿವೃತ್ತ ಜೀವಶಾಸ್ತ್ರ ಉಪನ್ಯಾಸಕರೊಬ್ಬರು ಬರೆಯುತ್ತಾರೆ: ‘ನಮ್ಮ ಸೀಮೆಯಿಂದ ಹೋಗಿ ಹೆಸರು ಮಾಡಿದ ರೋಗನಿರೋಧಕ ವಿಜ್ಞಾನಿಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಎರಡು ಪುಟ ಹಾಕಿದ್ದೀರಿ. ಅವರ ಊರು, ಸ್ಕೂಲು, ತಾಯಿ ತೊಳಸುತ್ತಿದ್ದ ಮುದ್ದೆ ಎಲ್ಲ ಇದೆ. ಎಷ್ಟು ಪ್ರಬಂಧ, ಎಷ್ಟು ಉಲ್ಲೇಖ, ಎಚ್-ಇಂಡೆಕ್ಸ್ ಎಷ್ಟು, ಒಂದೂ ಇಲ್ಲ. ಇದು ಅವರಿಗೆ ಮಾಡಿದ ಅನ್ಯಾಯವಲ್ಲವೇ?’

ಮೇಷ್ಟ್ರೇ, ಮುದ್ದೆಯ ಚುಚ್ಚುಮಾತು ಇಷ್ಟವಾಯಿತು. ಸಂಖ್ಯೆಗಳನ್ನು ಮಾತ್ರ ಬೇಕೆಂದೇ ಬಿಟ್ಟೆ.

ಗೊತ್ತಿಲ್ಲದವರಿಗೆ: ಒಬ್ಬರ ಎಚ್-ಇಂಡೆಕ್ಸ್ 30 ಅಂದರೆ, ಅವರ 30 ಪ್ರಬಂಧಗಳು ತಲಾ 30 ಸಲವಾದರೂ ಬೇರೆ ಪ್ರಬಂಧಗಳಲ್ಲಿ ಉಲ್ಲೇಖವಾಗಿವೆ ಎಂದರ್ಥ. ಹಿರ್ಶ್ ಎಂಬ ಭೌತವಿಜ್ಞಾನಿ 2005ರಲ್ಲಿ ಕೊಟ್ಟ ಲೆಕ್ಕ. ಯಾರ ಕಡೆಯವನು, ಯಾರ ಶಿಫಾರಸು ಎಂದು ನೋಡಿ ಕೆಲಸ ಕೊಡುವ ಕಡೆ ಇಂಥದ್ದೊಂದು ಲೆಕ್ಕ ಇದ್ದರೆ ಒಳ್ಳೆಯದೇ. ಅಷ್ಟನ್ನು ಒಪ್ಪುತ್ತೇನೆ.

ಆದರೆ ನಿಮ್ಮ ಪತ್ರ ಮತ್ತೆ ಓದಿಕೊಳ್ಳಿ. ರೋಗಾಣುವಿನ ಮೇಲೆ ಬೀಳುವ ಕೋಶಗಳು ನಮ್ಮ ಮೈಮೇಲೆಯೇ ಯಾಕೆ ಬೀಳುವುದಿಲ್ಲ ಎಂಬುದು ಆ ವಿಜ್ಞಾನಿಯ ಕೆಲಸ. ಅದಕ್ಕೆ ಅರ್ಧ ಪುಟ ಕೊಟ್ಟಿದ್ದೆವು. ಅದರ ಬಗ್ಗೆ ನೀವು ಒಂದು ಮಾತೂ ಆಡಿಲ್ಲ. ಜೀವಶಾಸ್ತ್ರದ ಮೇಷ್ಟ್ರು ನೀವು!

ಅದೇ ಪ್ರಶ್ನೆಗೆ ತಾನೇ 2025ರ ನೊಬೆಲ್ ಬಂದದ್ದು? ಹಾಗೆ ಬೀಳದಂತೆ ತಡೆಯುವ ಟಿ ಕೋಶಗಳು (ಬಿಳಿ ರಕ್ತಕಣಗಳಲ್ಲಿ ಒಂದು ಬಗೆ) ಇವೆ ಎಂದು ಜಪಾನಿನ ಸಕಾಗುಚಿ 1995ರಲ್ಲಿ ತೋರಿಸಿದಾಗ, ಬಹಳ ಜನ ಅಂಥ ಕೋಶದ ಮಾತನ್ನೇ ಕೈಬಿಟ್ಟಿದ್ದರು. ಅವರ ಜೊತೆ ಬಹುಮಾನ ಹಂಚಿಕೊಂಡ ಮೇರಿ ಬ್ರಂಕೋ ಯಾವ ದೊಡ್ಡ ವಿಶ್ವವಿದ್ಯಾಲಯದ ಪ್ರೊಫೆಸರೂ ಅಲ್ಲ. ರಾಲ್ಫ್ ಸ್ಟೈನ್‌ಮನ್ ಕತೆ ಇನ್ನೂ ಬೇಜಾರಿನದು. ರೋಗಾಣುವಿನ ಗುರುತನ್ನು ಟಿ ಕೋಶಕ್ಕೆ ಹಿಡಿದು ತೋರಿಸುವ ಡೆಂಡ್ರೈಟಿಕ್ ಕೋಶವನ್ನು 1973ರಲ್ಲೇ ವರ್ಣಿಸಿದರು. ಎಷ್ಟೋ ವರ್ಷ ಯಾರೂ ಹೆಚ್ಚು ಕಿವಿಗೊಡಲಿಲ್ಲ. 2011ರಲ್ಲಿ ನೊಬೆಲ್ ಘೋಷಣೆಯಾದಾಗ ಅವರು ತೀರಿಕೊಂಡು ಮೂರು ದಿನವಾಗಿತ್ತು. ಕತಲಿನ್ ಕರಿಕೋ ಅವರನ್ನಂತೂ 1995ರಲ್ಲಿ ಹುದ್ದೆಯಿಂದಲೇ ಕೆಳಗಿಳಿಸಿದ್ದರು. ಸಹೋದ್ಯೋಗಿ ವೈಸ್‌ಮನ್ ಜೊತೆ ಅವರು ಎಂಆರ್‌ಎನ್‌ಎ (ಯಾವ ಪ್ರೋಟೀನ್ ಮಾಡಬೇಕೆಂದು ಕೋಶಕ್ಕೆ ಹೇಳುವ ಅಣು) ಬಗ್ಗೆ ಬರೆದ 2005ರ ಪ್ರಬಂಧದ ಬೆಲೆ ಲೋಕಕ್ಕೆ ತಿಳಿದದ್ದು ಕೋವಿಡ್ ಲಸಿಕೆ ಬಂದ ಮೇಲೆ. ಆ ಹದಿನೈದು ವರ್ಷದಲ್ಲಿ ಪ್ರಬಂಧದ ಒಂದಕ್ಷರವೂ ಬದಲಾಗಿರಲಿಲ್ಲ; ಬದಲಾದದ್ದು ಎಣಿಕೆ.

ಇನ್ನು ಉಲ್ಲೇಖ ಎಷ್ಟು ಅಂದಿರಿ. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಹಾಕಿದ ವೇಕ್‌ಫೀಲ್ಡ್ ಪ್ರಬಂಧ ನೆನಪಿದೆಯಾ? 1998ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ನೋಡಿದ್ದು 12 ಮಕ್ಕಳನ್ನು. 2010ರಲ್ಲಿ ಪತ್ರಿಕೆಯೇ ಅದನ್ನು ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಎಷ್ಟೋ ತಾಯ್ತಂದೆಯರು ಮಕ್ಕಳಿಗೆ ಲಸಿಕೆ ಹಾಕಿಸುವುದು ಬಿಟ್ಟಿದ್ದರು. ಆ ಪ್ರಬಂಧಕ್ಕೆ ಉಲ್ಲೇಖಗಳು ರಾಶಿ ರಾಶಿ. ಬೈದು ಉಲ್ಲೇಖಿಸಿದರೂ ಲೆಕ್ಕಕ್ಕೆ ಒಂದೇ, ಹೊಗಳಿ ಉಲ್ಲೇಖಿಸಿದರೂ ಒಂದೇ.

ಪಾಲಿ ಮ್ಯಾಟ್ಸಿಂಗರ್ ಎಂಬ ವಿಜ್ಞಾನಿ 1978ರಲ್ಲಿ ತಮ್ಮ ಪ್ರಬಂಧವೊಂದಕ್ಕೆ ತಮ್ಮ ನಾಯಿಯ ಹೆಸರನ್ನೇ ಸಹಲೇಖಕಿ ಎಂದು ಹಾಕಿದರು. ಒಳ್ಳೆಯ ಪತ್ರಿಕೆಯಲ್ಲೇ ಅಚ್ಚಾಯಿತು. ಲೆಕ್ಕ ಹಿಡಿದರೆ ಆ ನಾಯಿಯ ಎಚ್-ಇಂಡೆಕ್ಸ್ 1. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ಒಳ್ಳೆಯ ಮೇಷ್ಟ್ರುಗಳದ್ದು ಸೊನ್ನೆ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರನ್ನೇ ನೋಡಿ. ಅಮೆರಿಕದಲ್ಲಿ ಪರಮಾಣು ಬೀಜದ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿ ಬಂದು, ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಪಾಠ ಮಾಡಿದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಅಲ್ಲಿ ಉಪನ್ಯಾಸ ಕೇಳಿ ವಿಜ್ಞಾನದ ಕಡೆ ತಿರುಗಿದವರನ್ನು ಯಾವ ಇಂಡೆಕ್ಸಿನಲ್ಲಿ ಹುಡುಕೋಣ?

ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2010ರಲ್ಲಿ ಉಪನ್ಯಾಸಕರ ಬಡ್ತಿಗೆ ಪ್ರಬಂಧಗಳನ್ನೂ ಎಣಿಸುವ ಪಾಯಿಂಟ್ ಪದ್ಧತಿ ತಂದ ಮೇಲೆ ದುಡ್ಡು ಕೊಟ್ಟರೆ ಅಚ್ಚು ಹಾಕುವ ಜರ್ನಲ್ ಅಂಗಡಿಗಳು ಎದ್ದವು. ಈಚೆಗೆ ಒಬ್ಬ ಹುಡುಗ ಉಪನ್ಯಾಸಕ ನಮ್ಮ ಕಚೇರಿಗೆ ಬಂದಿದ್ದ. ಪ್ರಬಂಧವೊಂದಕ್ಕೆ ಅರ್ಧ ತಿಂಗಳ ಸಂಬಳ ಕಟ್ಟಿದ್ದನಂತೆ. ‘ಯಾರಾದರೂ ಓದಿದರಾ?’ ಅಂದೆ. ‘ಓದೋದಕ್ಕೆ ಹಾಕಿಸಿದ್ದಲ್ಲ ಸಾರ್’ ಅಂದ. ಕೋಲಾರದ ಟೊಮ್ಯಾಟೊ ಮಂಡಿಯಲ್ಲಾದರೂ ಬಾಕ್ಸ್ ಎಣಿಸುವ ಮುಂಚೆ ಒಂದು ಹಣ್ಣು ಅಮುಕಿ ನೋಡುತ್ತಾರೆ. ಪಿಎಚ್‌ಡಿ ಪಡೆಯುವ ಮೊದಲು ಜರ್ನಲ್‌ನಲ್ಲಿ ಪ್ರಬಂಧ ಅಚ್ಚಾಗಿರಲೇಬೇಕು ಎಂಬ ನಿಯಮವನ್ನು 2022ರಲ್ಲಿ ಯುಜಿಸಿ ತೆಗೆಯಿತು. ಅಂಗಡಿಗಳು ಮುಚ್ಚಲಿಲ್ಲ.

ವರ್ಷಕ್ಕೊಮ್ಮೆ, ಉಲ್ಲೇಖ ಎಣಿಸಿ ಮಾಡಿದ ಪಟ್ಟಿಯಲ್ಲಿ ಹೆಸರು ಬಂದವರನ್ನು ‘ವಿಶ್ವದ ಶೇ 2ರ ವಿಜ್ಞಾನಿ’ ಅಂತ ಸನ್ಮಾನಿಸಿದ ಶಾಲು-ಹಾರದ ಫೋಟೊಗಳು ನಮ್ಮ ಮೇಜಿಗೂ ಬರುತ್ತವೆ. ಏನು ಕಂಡುಹಿಡಿದರು ಅಂತ ಫೋನ್ ಮಾಡಿದರೆ, ಫೋಟೊ ಕಳಿಸಿದವರಿಗೇ ಗೊತ್ತಿರುವುದಿಲ್ಲ. ಅದೇ ವಿಜ್ಞಾನವನ್ನು ಕನ್ನಡದಲ್ಲಿ ಮಕ್ಕಳಿಗೆ ತಿಳಿಯುವಂತೆ ಬರೆದವರಿಗೆ ಶಾಲೂ ಇಲ್ಲ.

ಅದಕ್ಕೇ ನಿಮ್ಮಲ್ಲಿ ಒಂದು ಕೆಲಸ ಕೇಳುತ್ತೇನೆ. ಎದೆಯೊಳಗಿನ ಥೈಮಸ್ ಗ್ರಂಥಿ ಯಾಕಿದೆ ಎಂದು 1961ರಲ್ಲಿ ಜಾಕ್ ಮಿಲ್ಲರ್ ಇಲಿಮರಿಗಳಲ್ಲಿ ತೋರಿಸಿದ ಕತೆಯನ್ನು ಪಿಯುಸಿ ಮಕ್ಕಳಿಗೆ ಹೇಳುವ ಹಾಗೆ ಬರೆದುಕೊಡಿ. ನಾಲ್ಕು ಪುಟ ಮೀರಬಾರದು. ಗೌರವಧನ ಕಮ್ಮಿ, ಪಾಯಿಂಟಂತೂ ಸಿಗಲ್ಲ. ಮುಂದಿನ ತಿಂಗಳ ಹತ್ತರೊಳಗೆ ಕಳಿಸಿ.