ಉಪಮೆ, ರೂಪಕ, ಉತ್ಪ್ರೇಕ್ಷೆ ಅಲಂಕಾರಗಳು: ವಾಕ್ಯ ನೋಡಿ ಗುರುತಿಸುವುದು ಹೇಗೆ?

ಎರಡು ವಸ್ತುಗಳ ನಡುವೆ ಕವಿ ಎಷ್ಟು ಅಂತರ ಉಳಿಸಿದ್ದಾನೆ ಎಂದು ನೋಡಿ. ಒಂದು ಇನ್ನೊಂದರ ಹಾಗಿದೆ ಎಂದರೆ ಉಪಮೆ, ಎರಡೂ ಒಂದೇ ಎಂದರೆ ರೂಪಕ, ಒಂದನ್ನು ಇನ್ನೊಂದಾಗಿ ಕಲ್ಪಿಸಿಕೊಂಡರೆ ಉತ್ಪ್ರೇಕ್ಷೆ.

‘ಮಗುವಿನ ಮುಖ ತಾವರೆಯಂತೆ ಅರಳಿತು’ ಎಂಬುದನ್ನು ಬಿಡಿಸಿ ನೋಡೋಣ. ಹೋಲಿಸಲ್ಪಡುವ ‘ಮುಖ’ ಉಪಮೇಯ. ಯಾವುದಕ್ಕೆ ಹೋಲಿಸಿದೆಯೋ ಆ ‘ತಾವರೆ’ ಉಪಮಾನ. ಹೋಲಿಕೆಯನ್ನು ಸೂಚಿಸುವ ‘ಅಂತೆ’ ಉಪಮಾವಾಚಕ, ಎರಡಕ್ಕೂ ಸಮಾನವಾದ ‘ಅರಳುವುದು’ ಸಮಾನಧರ್ಮ. ನಾಲ್ಕೂ ಇರುವುದರಿಂದ ಇದು ಪೂರ್ಣೋಪಮೆ. ‘ತಾವರೆಯಂತಹ ಮುಖ’ ಎಂದಷ್ಟೇ ಹೇಳಿದರೆ ಸಮಾನಧರ್ಮ ಬಿಟ್ಟುಹೋಗಿ ಲುಪ್ತೋಪಮೆಯಾಗುತ್ತದೆ.

‘ಮುಖಕಮಲ ಅರಳಿತು’ ಎಂದಾಗ ವಾಚಕವಿಲ್ಲ, ಮುಖವೇ ಕಮಲ. ಹಾಗಾಗಿ ಇದು ರೂಪಕ.

ಪರೀಕ್ಷೆಯಲ್ಲಿ ಹೆಚ್ಚು ಅಂಕ ಹೋಗುವುದು ‘ಅಂತೆ’ ಕಂಡ ಕೂಡಲೇ ಉಪಮೆ ಎಂದು ಬರೆಯುವುದರಿಂದ. ‘ಆಕಾಶವೇ ಅಳುತ್ತಿದೆಯೋ ಎಂಬಂತೆ ಮಳೆ ಸುರಿಯಿತು’ ಎಂಬಲ್ಲಿ ಮಳೆಯನ್ನು ಆಕಾಶದ ಅಳುವಾಗಿ ಕಲ್ಪಿಸಲಾಗಿದೆ, ಇದು ಉತ್ಪ್ರೇಕ್ಷೆ. ‘ಅವನು ನಾಳೆ ಬರುತ್ತಾನಂತೆ’ ಎಂಬಲ್ಲಂತೂ ಹೋಲಿಕೆಯೇ ಇಲ್ಲ, ಅದು ಕೇಳಿದ ಸುದ್ದಿಯಷ್ಟೆ. ಆದ್ದರಿಂದ ಮೊದಲು ಉಪಮೇಯ, ಉಪಮಾನಗಳನ್ನು ಹುಡುಕಿ. ವಾಚಕವನ್ನು ಆಮೇಲೆ ನೋಡಿ.