ಧಾಲ್ಸಿಮ್ ಮತ್ತು ನಾವು

ಪ್ರಶ್ನೆ: ಈಗಿನ ಫೈಟಿಂಗ್ ಗೇಮ್‌ಗಳೆಲ್ಲ ‘ಸ್ಟ್ರೀಟ್ ಫೈಟರ್ 2’ರ ಮಕ್ಕಳು ಅಂತಾರೆ, ನಿಜವೇ? ಮಗನಿಗೆ ಆಡಿಸಬೇಕು.
– ಓದುಗರು, ಡೊಂಬಿವಲಿ

ಉತ್ತರ: ಬಹುಪಾಲು ನಿಜ. ಜಪಾನಿನ ಕ್ಯಾಪ್‌ಕಾಮ್ 1991ರಲ್ಲಿ ತಂದ ಆಟ. ಎಂಟು ಜನ ಫೈಟರ್‌ಗಳಲ್ಲಿ ಬೇಕಾದವರನ್ನು ಆರಿಸಿಕೊಳ್ಳಬಹುದಿತ್ತು. ಮೊದಲ ಭಾಗದಲ್ಲಿ ಆ ಭಾಗ್ಯವಿರಲಿಲ್ಲ. ಏಟಿಗೆ ಏಟು ಪೋಣಿಸುವ ‘ಕಾಂಬೋ’ ಇದೆಯಲ್ಲ, ಅದನ್ನು ಬೇಕಂತಲೇ ಇಟ್ಟದ್ದಲ್ಲ. ಕಾರು ಒಡೆಯುವ ಬೋನಸ್ ಸುತ್ತನ್ನು ಪರೀಕ್ಷಿಸುವಾಗ ತಯಾರಕರ ಕಣ್ಣಿಗೆ ಬಿತ್ತು, ಹಾಗೇ ಬಿಟ್ಟರು. ಇವತ್ತು ಅದಿಲ್ಲದ ಫೈಟಿಂಗ್ ಗೇಮ್ ಹುಡುಕುವುದೇ ಕಷ್ಟ.

ಮಾಟುಂಗಾದ ವಿಡಿಯೋ ಗೇಮ್ ಪಾರ್ಲರಿನಲ್ಲಿ ನಾವು ಹುಡುಗರು ಸರದಿಗಾಗಿ ಸ್ಕ್ರೀನಿನ ಕೆಳಗೆ ಕಾಯಿನ್ ಸಾಲಾಗಿ ಇಡುತ್ತಿದ್ದೆವು. ಸೋತವನು ಎದ್ದು ಹೋಗಬೇಕು. ನನ್ನವನು ಧಾಲ್ಸಿಮ್: ಯೋಗ ಮಾಡಿ ಬೆಂಕಿ ಉಗುಳುವ ಭಾರತೀಯ, ಕೊರಳಲ್ಲಿ ಬುರುಡೆ ಸರ! (ನಮ್ಮ ಬಗ್ಗೆ ಅವರ ಕಲ್ಪನೆ ನೋಡಿ.) ಕೈ ಮಾತ್ರ ದೂರದಿಂದಲೇ ಚಾಚುತ್ತಿತ್ತು. ಆದರೆ ಅವನು ನಿಧಾನ. ಮಗ ರ‍್ಯೂ ಎಂಬ ಫೈಟರ್‌ನಿಂದ ಶುರು ಮಾಡಲಿ.