ಕೆದರುವ ಗುಂಗುರು ಕೂದಲಿಗೆ ಎಂಥ ಮೂಸ್ ಆರಿಸಬೇಕು?

ನಿಮ್ಮ ಪ್ರಶ್ನೆ ಇದು: ಗುಂಗುರು ಕೂದಲು, ಒಣಗುತ್ತಿದ್ದಂತೆ ಕೆದರಿ ಉಬ್ಬಿಕೊಳ್ಳುತ್ತದೆ. ಒಂದು ಮೂಸ್ (ಕೂದಲಿಗೆ ಹಚ್ಚುವ ನೊರೆ) ಹಚ್ಚಿದಾಗ ಕೂದಲು ಗಡುಸಾಯಿತು, ಇನ್ನೊಂದು ಹಚ್ಚಿದ್ದೇ ಗೊತ್ತಾಗಲಿಲ್ಲ. ಯಾವುದನ್ನು ಕೊಳ್ಳಬೇಕು? ಬಹುಶಃ ಆ ಗಡುಸಾದ ಮೂಸೇ ನಿಮಗೆ ಬೇಕಾದದ್ದು. ಬಿಸಾಡಿಲ್ಲದಿದ್ದರೆ ಹೊಸದನ್ನು ಕೊಳ್ಳುವ ಮುಂಚೆ ಅದನ್ನೇ ಇನ್ನೊಮ್ಮೆ ಬಳಸಿ ನೋಡಿ.

ಒದ್ದೆಯಿರುವಾಗ ಹತ್ತಾರು ಎಳೆಗಳು ಒಂದಕ್ಕೊಂದು ಅಂಟಿಕೊಂಡು ಒಂದೇ ಸುರುಳಿಯಾಗಿರುತ್ತವೆ. ನೀರು ಆರಿದಂತೆಲ್ಲ ಆ ಅಂಟು ಹೋಗಿ ಎಳೆಗಳು ಬಿಡಿಬಿಡಿಯಾಗುತ್ತವೆ. ಆಮೇಲೆ ಗಾಳಿಯ ತೇವ ಎಳೆಯೊಳಗೆ ಇಳಿದು ಎಳೆಯ ಆಕಾರವನ್ನು ಹಿಡಿದಿಡುವ ಹೈಡ್ರೋಜನ್ ಬಂಧಗಳನ್ನು ಸಡಿಲಿಸುತ್ತದೆ, ಎಳೆಗಳು ಒಂದೊಂದು ದಿಕ್ಕಿಗೆ ಬಾಗುತ್ತವೆ. ನಾವು ಕೆದರು ಅನ್ನುವುದು ಇದನ್ನೇ. ಮೂಸ್‌ನಲ್ಲಿರುವ ಪಾಲಿಮರ್ ಒಣಗಿದಾಗ ಇಡೀ ಸುರುಳಿಯ ಮೇಲೆ ತೆಳುವಾದ ಪೊರೆ ಕಟ್ಟಿ ಎಳೆಗಳನ್ನು ಒಟ್ಟಿಗೆ ಹಿಡಿದಿಡುತ್ತದೆ. ಕೈಗೆ ಗಡುಸಾಗಿ ಸಿಗುವುದು ಆ ಪೊರೆ. ಪೂರ್ತಿ ಒಣಗಿದ ಮೇಲೆ ಅದನ್ನು ಮುರಿಯಬೇಕು, ಅದಕ್ಕೂ ಮುಂಚೆ ಅಲ್ಲ.

ಹಾಗಾಗಿ ಡಬ್ಬಿಯ ಮುಂಭಾಗದಲ್ಲಿ ಏನು ಬರೆದಿದೆ ಎನ್ನುವುದನ್ನು ಬಿಟ್ಟು, ಹಿಂದಿನ ಪದಾರ್ಥಗಳ ಪಟ್ಟಿ ಓದಿ. ಶೇ. 1ಕ್ಕಿಂತ ಹೆಚ್ಚಿರುವವನ್ನು ಸಾಮಾನ್ಯವಾಗಿ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ಪಾಲಿಕ್ವಾಟರ್ನಿಯಮ್ ಎಂದು ಪಕ್ಕದಲ್ಲಿ ಒಂದು ಸಂಖ್ಯೆಯೊಂದಿಗೆ ಇದ್ದರೆ, ಅಥವಾ ಪಿವಿಪಿ, ವಿಪಿ/ವಿಎ ಕೋಪಾಲಿಮರ್ ಎಂದಿದ್ದರೆ ಅದೇ ಪೊರೆ ಕಟ್ಟುವ ಪದಾರ್ಥ. ಇದು ಪಟ್ಟಿಯ ಮೊದಲ ಐದಾರು ಹೆಸರುಗಳಲ್ಲೇ ಸಿಗಬೇಕು. ಕೊನೆಯಲ್ಲಿ ಸುವಾಸನೆಯ ಹೆಸರಿನ ಆಚೀಚೆ ಇದ್ದರೆ ಹಿಡಿತ ಸಾಲದು. ಹಚ್ಚಿದ್ದೇ ಗೊತ್ತಾಗದ ನಿಮ್ಮ ಎರಡನೇ ಮೂಸ್ ಈ ಜಾತಿಯದಿರಬಹುದು. ಪಿವಿಪಿ ಒಂದೇ ಇರುವ ಮೂಸ್ ಗಾಳಿಯ ತೇವ ಹೀರಿಕೊಂಡು ಅಂಟಂಟಾಗುತ್ತದೆ. ತೇವದ ಹವೆಯಲ್ಲಿ ವಿಪಿ/ವಿಎ ಕೋಪಾಲಿಮರ್ ಅದಕ್ಕಿಂತ ಚೆನ್ನಾಗಿ ತಡೆಯುತ್ತದೆ.

ಗ್ಲಿಸರಿನ್ ಎಲ್ಲಿದೆ ಎಂದೂ ನೋಡಿ. ಅದು ನೀರನ್ನು ಸೆಳೆದುಕೊಳ್ಳುವ ಪದಾರ್ಥ. ಹದವಾದ ಹವೆಯಲ್ಲಿ ಕೂದಲನ್ನು ಮೆತ್ತಗಿಡುತ್ತದೆ, ಆದರೆ ತೇವ ಹೆಚ್ಚಿದ್ದಾಗ ಗಾಳಿಯ ನೀರನ್ನು ಎಳೆದುಕೊಂಡು ಕೆದರು ಹೆಚ್ಚಿಸಬಹುದು. ಅಂಥ ದಿನಗಳಲ್ಲಿ ಗ್ಲಿಸರಿನ್ ಪಟ್ಟಿಯ ಮೇಲ್ಭಾಗದಲ್ಲಿರುವ ಮೂಸ್ ಬೇಡ. ಆಲ್ಕೋಹಾಲ್ ಡಿನ್ಯಾಟ್ (ಬೇಗ ಆವಿಯಾಗುವ ಆಲ್ಕೋಹಾಲ್) ನೀರಿನ ನಂತರವೇ ಬಂದಿದ್ದರೆ ಬೇಗ ಒಣಗುತ್ತದೆ ನಿಜ, ಆದರೆ ಬಣ್ಣ ಹಾಕಿಸಿದ ಅಥವಾ ಮೊದಲೇ ಒರಟಾದ ಕೂದಲಿಗೆ ಅದು ಸರಿಹೋಗುವುದು ಕಷ್ಟ. ಸೀಟಿಯರಿಲ್ ಆಲ್ಕೋಹಾಲ್ ಹೆಸರು ಕಂಡು ಮಾತ್ರ ಹೆದರಬೇಡಿ, ಅದು ಕೂದಲು ಒಣಗಿಸುವುದಿಲ್ಲ, ಮೃದು ಮಾಡುತ್ತದೆ.

ಎಳೆ ತೆಳುವಾಗಿದ್ದು ಸುರುಳಿ ಸಡಿಲವಾಗಿದ್ದರೆ ಮೂಸ್ ಒಂದೇ ಸಾಕು, ಜೆಲ್‌ನ ಭಾರಕ್ಕೆ ಅಂಥ ಸುರುಳಿ ಜೋತು ಬೀಳುತ್ತದೆ. ಎಳೆ ದಪ್ಪ, ಕೂದಲೂ ದಟ್ಟ ಅಂದರೆ ಮೂಸ್ ಮೇಲೆ ತೆಳ್ಳಗೆ ಜೆಲ್ ಹಚ್ಚಿ.

ಇನ್ನು ಹಚ್ಚುವ ರೀತಿ. ನನ್ನ ಪ್ರಕಾರ ಹೆಚ್ಚಿನವರು ಮೂಸ್ ಕೆಟ್ಟದ್ದು ಎಂದು ತೀರ್ಮಾನಿಸುವುದು ಇಲ್ಲಿನ ತಪ್ಪಿನಿಂದ. ಟವೆಲ್‌ನಿಂದ ಉಜ್ಜಿ ಅರ್ಧ ಒಣಗಿಸಿದ ಮೇಲೆ ಹಚ್ಚಿದರೆ ಎಳೆಗಳು ಆಗಲೇ ಬೇರೆಯಾಗಿರುತ್ತವೆ, ಪೊರೆ ಆ ಕೆದರನ್ನೇ ಹಿಡಿದು ನಿಲ್ಲಿಸುತ್ತದೆ. ನೀರು ತೊಟ್ಟಿಕ್ಕುತ್ತಿರುವಾಗಲೇ ಹಚ್ಚಬೇಕು. ಭುಜದವರೆಗಿನ ಕೂದಲಿಗೆ ಕೋಳಿಮೊಟ್ಟೆ ಗಾತ್ರದ ನೊರೆ ಎರಡು ಸಲ, ಅದಕ್ಕಿಂತ ಉದ್ದವಿದ್ದರೆ ಮೂರು ಸಲ. ಒಂದೇ ಸಲ ಪೂರ್ತಿ ತೆಗೆದುಕೊಂಡರೆ ಮೊದಲು ಕೈಯಿಟ್ಟ ಕಡೆಯೇ ಎಲ್ಲಾ ಮೆತ್ತಿಕೊಳ್ಳುತ್ತದೆ. ಗ್ಯಾಸ್ ಡಬ್ಬಿಯಾದರೆ ಚೆನ್ನಾಗಿ ಅಲುಗಾಡಿಸಿ, ಹೆಚ್ಚಿನವನ್ನು ತಲೆಕೆಳಗಾಗಿ ಹಿಡಿದು ಒತ್ತಬೇಕು. ನೆಟ್ಟಗೆ ಹಿಡಿದರೆ ಗ್ಯಾಸಷ್ಟೇ ಹೋಗಿ ದ್ರವ ತಳದಲ್ಲೇ ಉಳಿಯುತ್ತದೆ. ಪಂಪ್ ಬಾಟಲಿಯನ್ನು ಅಲುಗಾಡಿಸಬೇಡಿ, ನೆಟ್ಟಗೇ ಹಿಡಿಯಿರಿ.

ನೊರೆಯನ್ನು ಎರಡೂ ಅಂಗೈಗೆ ಹರಡಿಕೊಂಡು, ಕೂದಲಿನ ಒಂದೊಂದು ಭಾಗವನ್ನು ಅಂಗೈಗಳ ನಡುವೆ ಒತ್ತಿ ಮೇಲಿನಿಂದ ತುದಿಗೆ ಜಾರಿಸಿ. ಬುಡಕ್ಕೆ ಹಚ್ಚಬೇಡಿ, ಎರಡು ಬೆರಳಗಲ ಬಿಡಿ. ಆಮೇಲೆ ತುದಿಯನ್ನು ಅಂಗೈಯಲ್ಲಿಟ್ಟು ನೆತ್ತಿಯ ಕಡೆಗೆ ಹಿಸುಕಿ. ಪಚಕ್ ಪಚಕ್ ಸದ್ದು ಬಂದರೆ ನೀರು ಸರಿಯಾಗಿದೆ, ಬರದಿದ್ದರೆ ಒದ್ದೆ ಕೈಯಿಂದ ಮತ್ತೊಮ್ಮೆ ಹಿಸುಕಿ. ಹೆಚ್ಚಿನ ನೀರನ್ನು ಹಳೆಯ ಕಾಟನ್ ಟೀ ಶರ್ಟ್‌ನಿಂದ ಹೀಗೇ ಒತ್ತಿ ತೆಗೆಯಿರಿ, ಉಜ್ಜಬೇಡಿ.

ಮುಂದೆ ಕೂದಲು ಪೂರ್ತಿ ಆರುವವರೆಗೆ ಕೈ ದೂರ. ಡ್ರೈಯರ್ ಬಳಸುವುದಾದರೆ ಡಿಫ್ಯೂಸರ್ (ಗಾಳಿಯನ್ನು ಹರಡುವ, ಬಟ್ಟಲಿನಂಥ ಮೂತಿ) ಹಾಕಿ, ಕಡಿಮೆ ಬಿಸಿ, ಕಡಿಮೆ ವೇಗ. ಮೊದಲ ಹತ್ತು ನಿಮಿಷ ಡಿಫ್ಯೂಸರನ್ನು ಕೂದಲಿಗೆ ತಾಗಿಸದೆ ಸುತ್ತ ಆಡಿಸಿ, ಹೊರಗೆ ಪೊರೆ ಕಟ್ಟಿದ ಮೇಲೆ ಸುರುಳಿಗಳನ್ನು ಅದರೊಳಗೆ ಎತ್ತಿಟ್ಟುಕೊಳ್ಳಿ. ಕತ್ತಿನ ಹಿಂದೆ ಒಳಗಡೆ ತಣ್ಣಗಿದ್ದರೆ ಇನ್ನೂ ಒದ್ದೆಯಿದೆ ಎಂದರ್ಥ. ಎಲ್ಲಾ ಆರಿದ ಮೇಲೆ ಎರಡು ಹನಿ ಎಣ್ಣೆ ಅಂಗೈಗೆ ಸವರಿಕೊಂಡು, ಹಚ್ಚಿದಾಗಿನಂತೆಯೇ ಹಿಸುಕಿ. ಗಡುಸು ಒಡೆದು ಸುರುಳಿ ಮೆತ್ತಗಾಗುತ್ತದೆ.

ಕೂದಲಲ್ಲಿ ಬಿಳಿ ಪುಡಿ ಕಂಡರೆ ಹೊಟ್ಟು ಎಂದುಕೊಳ್ಳಬೇಡಿ. ಮೂಸ್ ಹೆಚ್ಚಾಗಿರಬಹುದು, ಅಥವಾ ಅದು ನಿಮ್ಮ ಲೀವ್-ಇನ್ ಕಂಡಿಷನರ್ (ಹಚ್ಚಿ ತೊಳೆಯದೆ ಬಿಡುವ ಕಂಡಿಷನರ್) ಜೊತೆಗೋ ಜೆಲ್ ಜೊತೆಗೋ ಹೊಂದುತ್ತಿಲ್ಲ. ಎರಡನ್ನೂ ಕಡಲೆಕಾಳಿನಷ್ಟು ಅಂಗೈಗೆ ಹಾಕಿ ಬೆರಳಿಂದ ಕಲಸಿ. ನುಣ್ಣಗೆ ಬೆರೆತರೆ ಸರಿ. ಒಡೆದ ಹಾಲಿನಂತೆ ಗಂಟುಗಂಟಾದರೆ ತಲೆಯ ಮೇಲೂ ಹಾಗೇ ಆಗುತ್ತದೆ, ಒಂದನ್ನು ಬದಲಿಸಿ. ಕೆಲವು ವಾರಗಳಲ್ಲಿ ಮೂಸ್‌ನ ಪರಿಣಾಮವೇ ಕಡಿಮೆಯಾಯಿತು, ಕೂದಲು ಮಂಕಾಯಿತು ಅನ್ನಿಸಿದರೆ ಹಳೆಯ ಪದರ ಉಳಿದುಕೊಂಡಿದೆ. ಆಗ ಒಮ್ಮೆ ಅಂಥ ಪದರವನ್ನು ತೆಗೆಯುವ ಕ್ಲಾರಿಫೈಯಿಂಗ್ ಶಾಂಪೂ ಹಾಕಿ ತೊಳೆದು, ಕಂಡಿಷನರ್ ಹಚ್ಚಿ, ಅದೇ ಮೂಸನ್ನು ಮತ್ತೆ ಬಳಸಿ ನೋಡಿ.